ಕರಾವಳಿಯ ಸೆಕೆಗೆ ಓಶಿಮಾ ತ್ಸುಮುಗಿ: ಕಿಮೋನೊ ಥಾನು ತರಿಸಿ ಹೊಲಿಸುವ ಮುನ್ನ

ಅಗಲ ಒಂದು ಮೊಳಕ್ಕೂ ಕಡಿಮೆ, ಉದ್ದ 12 ಮೀಟರಿಗೆ ಮಿಕ್ಕಿ, ತೂಕ ಅರ್ಧ ಕಿಲೋದ ಆಸುಪಾಸು. ಓಶಿಮಾ ತ್ಸುಮುಗಿಯ ಒಂದು ಥಾನು ತರಿಸಿದರೆ ಕೈಗೆ ಸಿಗುವುದು ಇಷ್ಟು. ಜಪಾನಿನವರು ಇದನ್ನು ತಾನ್‌ಮೊನೊ ಎನ್ನುತ್ತಾರೆ, ಒಬ್ಬರ ಕಿಮೋನೊ ಒಂದಕ್ಕೆ ಸರಿಯಾಗಿ ಸಾಲುವ ಬಟ್ಟೆಯ ಸುರುಳಿ. ಆನ್‌ಲೈನಿನಲ್ಲಿ ಹಳೆಯ ಥಾನನ್ನೋ ಬಿಚ್ಚಿದ ಕಿಮೋನೊವನ್ನೋ ತರಿಸಿ, ಮಂಗಳೂರಿನಲ್ಲೋ ಉಡುಪಿಯಲ್ಲೋ ಕುರ್ತಾ, ರವಿಕೆ, ಶಾಲು ಹೊಲಿಸುವ ಯೋಚನೆ ಇದ್ದವರಿಗಾಗಿ ಈ ವಿಮರ್ಶೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುತ್ತೇವೆ. ಜಪಾನಿನ ರೇಷ್ಮೆ ಕಿಮೋನೊ ಬಟ್ಟೆಗಳ ಪೈಕಿ ನಮ್ಮ ಸೆಕೆಯಲ್ಲಿ ಮೈಮೇಲೆ ಹಾಕಿಕೊಳ್ಳಲು ಆಗುವಂಥದ್ದು ಓಶಿಮಾ. ಆದರೆ ಹೆಸರು ನೋಡಿ ಕೊಂಡರೆ ಎಡವುತ್ತೀರಿ, ನೂಲು ನೋಡಿ ಕೊಳ್ಳಬೇಕು.

ತ್ಸುಮುಗಿ ಎಂದರೆ ಮೂಲದಲ್ಲಿ ಬಿಚ್ಚಾಣಿಕೆಗೆ ಒದಗದ ರೇಷ್ಮೆಗೂಡನ್ನು ಬೇಯಿಸಿ, ಅರಳೆಯ ಹಾಗೆ ಬಿಡಿಸಿ, ಕೈಯಲ್ಲಿ ಎಳೆದ ನೂಲು. ಇಬರಾಕಿ ಮತ್ತು ತೋಚಿಗಿ ಪ್ರಾಂತ್ಯಗಳ ಯೂಕಿ ತ್ಸುಮುಗಿ ಇಂದಿಗೂ ಹಾಗೆಯೇ ಆಗುತ್ತದೆ. ಅದರ ನೂಲಿಗೆ ಹುರಿ ಇಲ್ಲ, ನೇಯುವವರು ಹಾಸನ್ನು, ಅಂದರೆ ಮಗ್ಗದ ಉದ್ದ ಎಳೆಗಳನ್ನು, ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಬಿಗಿ ಕೊಡುತ್ತಾರೆ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅಪೂರ್ವ ಬಟ್ಟೆ ಅದು. ಆದರೆ ಹುರಿಯಿಲ್ಲದ ನೂಲಿನ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ, ಬಟ್ಟೆ ಬೆಚ್ಚಗಿರುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಅದನ್ನು ತೊಡಲಾಗದು. ಓಶಿಮಾದ ಹೆಸರಿನಲ್ಲೂ ತ್ಸುಮುಗಿ ಇದೆ, ಹಿಂದೆ ಅದೂ ಕೈಯಲ್ಲಿ ಎಳೆದ ನೂಲಿನದೇ ಆಗಿತ್ತು. ಈಗ ನೇಯುವುದು ಮಾತ್ರ ಗೂಡಿನಿಂದ ಉದ್ದಕ್ಕೆ ಬಿಚ್ಚಿದ ನಯವಾದ ರೇಷ್ಮೆಯಿಂದ. ಹೀಗಾಗಿ ಬಟ್ಟೆಯ ಮೇಲೆ ಗಂಟಿಲ್ಲ, ನಾರಿಲ್ಲ. ತೆಳು, ಚಪ್ಪಟೆ, ಮೈಗೆ ಅಂಟುವುದು ಕಡಿಮೆ. ಮುದುಡಿ ಬಿಟ್ಟರೂ ಸುಕ್ಕು ಬೇಗ ಬಿಡುತ್ತದೆ, ಮಡಿಕೆ ಮಡಿಕೆ ತಾಗಿದಾಗ ಸರಸರ ಸದ್ದು ಬರುತ್ತದೆ. ಮಾರುವವರ ಪುಟದಲ್ಲಿ ಬರೀ ‘ತ್ಸುಮುಗಿ’ ಎಂದು ಬರೆದಿದ್ದರೆ ಬಟ್ಟೆಯನ್ನು ಹತ್ತಿರದಿಂದ ತೆಗೆದ ಚಿತ್ರ ಕೇಳಿ. ನೂಲು ಅಲ್ಲಲ್ಲಿ ದಪ್ಪವಾಗಿ ಉಬ್ಬಿದ್ದರೆ ಅದು ಈಗಿನ ಬಗೆಯ ಓಶಿಮಾ ಅಲ್ಲ.

ಕಾಗೋಶಿಮಾ ಪ್ರಾಂತ್ಯದ ಅಮಾಮಿ ಓಶಿಮಾ ದ್ವೀಪ ಇದರ ಊರು. ಅಲ್ಲಿನ ಕೆಸರುಬಣ್ಣ ಈ ಬಟ್ಟೆಯ ಜೀವ. ತೆಚಿಗಿ ಎಂಬ ಮರದ ಚಕ್ಕೆಯನ್ನು ಗಂಟೆಗಟ್ಟಲೆ ಕುದಿಸಿದ ಕಷಾಯದಲ್ಲಿ ನೂಲನ್ನು ಇಪ್ಪತ್ತು ಸಲಕ್ಕೂ ಮಿಕ್ಕಿ ಅದ್ದಿ ಹಿಸುಕುತ್ತಾರೆ, ಆಮೇಲೆ ಕಬ್ಬಿಣದ ಅಂಶ ಹೆಚ್ಚಿರುವ ಗದ್ದೆಯ ಕೆಸರಿನಲ್ಲಿ ಹೊರಳಿಸುತ್ತಾರೆ. ಈ ಸುತ್ತು ಮೂರು ನಾಲ್ಕು ಬಾರಿ ನಡೆಯುತ್ತದೆ. ಕಷಾಯದ ಒಗರು ಕಬ್ಬಿಣವನ್ನು ಹಿಡಿದುಕೊಂಡು ನೂಲಿನೊಳಗೇ ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿ ಕಪ್ಪಾಗುವುದೂ, ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಈ ಬಟ್ಟೆಯ ಕಪ್ಪು ಕಾಡಿಗೆಯ ಕಪ್ಪಲ್ಲ, ಕಂದು ಬೆರೆತ ಆಳವಾದ ಕಪ್ಪು. ಬಿಸಿಲಿಗೆ ಹಿಡಿದರೆ ಒಳಗಿನ ಕೆಂಪು ಕಾಣುತ್ತದೆ. ಪೂರ್ತಿ ರಾಸಾಯನಿಕ ಬಣ್ಣದ ಕಪ್ಪು ಓಶಿಮಾ ಕೂಡ ಮಾರುಕಟ್ಟೆಯಲ್ಲಿದೆ. ಅದೂ ಕೆಟ್ಟದ್ದಲ್ಲ, ಆದರೆ ಕೆಸರುಬಣ್ಣದ ಬೆಲೆ ಕೊಟ್ಟು ಅದನ್ನು ಕೊಳ್ಳಬಾರದು. ಇವಲ್ಲದೆ ನೀಲಿ ಹಾಕಿ ಮೇಲೆ ಕೆಸರು ಕೊಟ್ಟದ್ದು, ಬಿಳಿ ಓಶಿಮಾ, ಹಲವು ಬಣ್ಣದ್ದು ಎಂದು ಬೇರೆ ಬಗೆಗಳೂ ಇವೆ.

ಮಸಿಯ ಗುಣ ಇದ್ದಮೇಲೆ ಮಸಿಯ ದೋಷವೂ ಇದ್ದೇ ಇರುತ್ತದೆ. ಲಿಂಬೆರಸ ಮಸಿಯನ್ನು ತೆಗೆಯುತ್ತದಲ್ಲ, ಹಾಗೆಯೇ ಹುಳಿ ತಾಗಿದಲ್ಲಿ ಕೆಸರುಬಣ್ಣ ಮಾಸುತ್ತದೆ. ಊಟಕ್ಕೆ ಕೂತಾಗ ಸಾರು ಚೆಲ್ಲಿದರೆ ಉಜ್ಜಬೇಡಿ, ತಕ್ಷಣ ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ಬೆವರಿನಲ್ಲೂ ಹುಳಿ ಇದೆ, ಕಂಕುಳ ಭಾಗಕ್ಕೆ ಒಳಪದರ ಇಲ್ಲದೆ ಹೊಲಿಸಲೇಬಾರದು. ಇನ್ನೊಂದು ದೋಷ ನಿಧಾನವಾಗಿ ಬರುವಂಥದ್ದು. ಕಬ್ಬಿಣ ಸೇರಿದ ರೇಷ್ಮೆ ತೇವ ಮತ್ತು ಬೆಳಕಿನಲ್ಲಿ ವರ್ಷಗಟ್ಟಲೆ ಇದ್ದರೆ ಬಲ ಕಳೆದುಕೊಳ್ಳುತ್ತದೆ, ಅದರಲ್ಲೂ ಮಡಿಕೆ ಬಿದ್ದ ಗೆರೆಯಲ್ಲಿ.

ಈಗ ಓಶಿಮಾದ ವಿನ್ಯಾಸ ಮೂಡಿಸುವ ಸಣ್ಣ ಚುಕ್ಕಿಗಳ ವಿಷಯ. ಕಸುರಿ ಎಂದರೆ ನೇಯುವ ಮೊದಲೇ ನೂಲಿನ ಮೇಲೆ ಬೇಕಾದಲ್ಲಿ ಬಣ್ಣ ಹತ್ತದಂತೆ ತಡೆದು ವಿನ್ಯಾಸ ತರುವುದು, ನಮ್ಮ ಇಕತ್ ಇದ್ದ ಹಾಗೆ. ಉದ್ದ ಎಳೆಯ ಹಾಸು, ಅಡ್ಡ ಎಳೆಯ ಹೊಕ್ಕು ಎರಡರಲ್ಲೂ ಚುಕ್ಕಿ ಇರುವುದರಿಂದ ಗುಜರಾತಿನ ಪಾಟಣದ ಪಟೋಲ ಸೀರೆ ಇದಕ್ಕೆ ಹತ್ತಿರದ ನೆಂಟ. ಪಟೋಲದಲ್ಲಿ ನೂಲನ್ನು ಕೈಯಲ್ಲಿ ಕಟ್ಟುತ್ತಾರೆ, ಓಶಿಮಾದಲ್ಲಿ 20ನೇ ಶತಮಾನದ ಮೊದಲ ದಶಕದಿಂದ ಕಟ್ಟುವ ಕೆಲಸವನ್ನೂ ಮಗ್ಗವೇ ಮಾಡುತ್ತದೆ. ಶಿಮೆಬಾತಾ ಎಂಬ ಬಿಗಿಮಗ್ಗದಲ್ಲಿ ರೇಷ್ಮೆ ನೂಲಿನ ಕಟ್ಟುಗಳನ್ನು ಹತ್ತಿಯ ಹಾಸಿನಿಂದ ಬಿಗಿಯಾಗಿ ಅಮುಕಿ ಚಾಪೆಯ ಹಾಗೆ ನೇಯುತ್ತಾರೆ. ಅದನ್ನು ಬಣ್ಣಕ್ಕೆ ಹಾಕಿ, ಹತ್ತಿಯನ್ನು ಬಿಚ್ಚಿ ತೆಗೆದರೆ ಅಮುಕಿದ್ದಲ್ಲೆಲ್ಲ ಬಣ್ಣ ಹತ್ತದ ಚುಕ್ಕಿ. ಅಂದರೆ ಒಂದೇ ನೂಲು ಎರಡು ಸಲ ಮಗ್ಗ ಏರುತ್ತದೆ. ಎರಡನೆಯ ನೇಯ್ಗೆಯಲ್ಲಿ ಸುಮಾರು 7 ಸೆಂಟಿಮೀಟರಿಗೊಮ್ಮೆ ಮಗ್ಗ ನಿಲ್ಲಿಸಿ, ಹಾಸನ್ನು ಸಡಿಲಿಸಿ, ಸೂಜಿಯ ತುದಿಯಿಂದ ಎಳೆ ಎಳೆಯನ್ನು ಸರಿಸಿ ಹಾಸಿನ ಚುಕ್ಕಿಗೆ ಹೊಕ್ಕಿನ ಚುಕ್ಕಿ ಕೂಡಿಸುತ್ತಾರೆ. ಮಗ್ಗದ ಮುಂದೆ ಕೂತವರಿಗೆ ಮಾತ್ರ ಇದು ಎಷ್ಟು ತಾಳ್ಮೆಯ ಕೆಲಸವೆಂದು ಪೂರ್ತಿ ತಿಳಿದೀತು. ಬೆಲೆ ಯಾಕೆ ಹೆಚ್ಚು ಎಂದು ಕೇಳುವವರಿಗೆ ಇದೇ ಉತ್ತರ.

ಅಸಲು ಗುರುತಿಸುವುದಕ್ಕೂ ಇದೇ ದಾರಿ. ಭೂತಗನ್ನಡಿ ಹಿಡಿದು ಒಂದು ಚುಕ್ಕಿ ನೋಡಿ. ಹಾಸಿನ ಎರಡು ಎಳೆ, ಹೊಕ್ಕಿನ ಎರಡು ಎಳೆ ಸೇರಿ ಪುಟ್ಟ ಗಾಳಿಗಿರಗಿಟ್ಟೆಯ ಹಾಗೆ ಕಂಡರೆ ಅದು ಮೇಲುದರ್ಜೆಯದು. ಹಾಸಿನ ಒಂದು ಎಳೆ, ಹೊಕ್ಕಿನ ಎರಡು ಎಳೆ ಸೇರಿ ಇಂಗ್ಲಿಷಿನ ಟಿ ಅಕ್ಷರದಂತೆ ಕಂಡರೆ ಅದೂ ಅಸಲೇ, ಕೆಲಸ ತುಸು ಕಡಿಮೆ. ಚುಕ್ಕಿಯ ಅಂಚು ಎಳೆಯನ್ನು ಅನುಸರಿಸದೆ ಎಳೆಯ ಮೇಲೆ ಹರಿದಿದ್ದರೆ, ಬಟ್ಟೆಯ ಹಿಂದುಗಡೆ ಬಣ್ಣ ಮಂಕಾಗಿದ್ದರೆ ಅದು ಅಚ್ಚು ಒತ್ತಿದ್ದು. ಕಸುರಿಯಲ್ಲಿ ಎರಡೂ ಮುಖ ಒಂದೇ. ಥಾನಿನ ತುದಿಯಲ್ಲಿ ಚೀಟಿ ಇರುತ್ತದೆ: ಭೂಗೋಳದ ಚಿತ್ರವಿದ್ದರೆ ಅಮಾಮಿಯಲ್ಲಿ ಆದದ್ದು, ಬಾವುಟದ ಚಿತ್ರವಿದ್ದರೆ ಅದೇ ಪ್ರಾಂತ್ಯದ ಕಾಗೋಶಿಮಾ ನಗರದ ಕಡೆಯದು. ಎರಡನ್ನೂ ಕಣ್ಣುಮುಚ್ಚಿ ಕೊಳ್ಳಬಹುದು. 1975ರಲ್ಲಿ ಜಪಾನ್ ಸರಕಾರ ಇದನ್ನು ಪಾರಂಪರಿಕ ಕರಕುಶಲವೆಂದು ಘೋಷಿಸಿದೆ. ಕತ್ತರಿ ಹಾಕುವಾಗ ಚೀಟಿ ಇರುವ ತುದಿಯನ್ನು ಕೊನೆಗೆ ಉಳಿಸಿ. ಚೀಟಿ ಹೋದರೆ ಉಳಿದ ತುಂಡಿಗೆ ಮರುಮಾರಾಟದ ಬೆಲೆ ಇಲ್ಲ.

ಚೀಟಿಯಲ್ಲೋ ವಿವರಣೆಯಲ್ಲೋ ಎರಡು ಅಂಕೆ ಕಾಣುತ್ತವೆ, ಇವನ್ನು ಕಲೆಸಬೇಡಿ. ಯೋಮಿ ಎಂಬುದು ಹಾಸಿನ ಎಣಿಕೆ. ಒಂದು ಯೋಮಿಗೆ 80 ಎಳೆ. 13 ಯೋಮಿ ಎಂದರೆ 1040 ಎಳೆ, 15.5 ಯೋಮಿ ಎಂದರೆ 1240. ಸುಮಾರು 40 ಸೆಂಟಿಮೀಟರ್ ಅಗಲದಲ್ಲಿ 1240 ಎಳೆ ಎಂದರೆ ನಮ್ಮ ಲೆಕ್ಕದಲ್ಲಿ ಇಂಚಿಗೆ 80ರ ಹತ್ತಿರ. ಮಾರ್ಕಿ ಎಂಬುದು ಹಾಸಿನಲ್ಲಿ ಚುಕ್ಕಿಯ ಎಳೆಗಳು ಎಷ್ಟು ಎಂಬುದರ ಅಳತೆ. 5, 7, 9 ಎಂದು ಏರಿದಂತೆ ವಿನ್ಯಾಸ ಸೂಕ್ಷ್ಮವಾಗುತ್ತದೆ. ಕುರ್ತಾಕ್ಕೆ 9 ಮಾರ್ಕಿಗಾಗಿ ಹಟ ಹಿಡಿಯುವುದು ಬೇಡ. ನಾಲ್ಕು ಹೆಜ್ಜೆ ದೂರದಿಂದ 7ಕ್ಕೂ 9ಕ್ಕೂ ವ್ಯತ್ಯಾಸ ಕಾಣದು. ಆದರೆ 15.5 ಯೋಮಿಗೆ ಹೆಚ್ಚು ಹಣ ಕೊಡಬಹುದು, ಎಳೆ ಒತ್ತಾಗಿದ್ದಷ್ಟೂ ಹೊಲಿಗೆ ನಿಲ್ಲುತ್ತದೆ.

ಪಾರ್ಸೆಲು ಬಂದ ದಿನವೇ ಥಾನನ್ನು ಪೂರ್ತಿ ಬಿಚ್ಚಿ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಮೀಟರ್ ಮೀಟರಾಗಿ ನೋಡಿ. ಸೂಜಿಮೊನೆಯಷ್ಟು ಬೆಳಕು ಬಂದರೆ ಹುಳ ತಿಂದದ್ದು. ಸುರುಳಿಯ ಹೊರಸುತ್ತು ಒಳಸುತ್ತಿಗಿಂತ ಕಂದಾಗಿದ್ದರೆ ಬಿಸಿಲಿಗೆ ಬೆಂದದ್ದು, ಅಷ್ಟನ್ನು ಲೆಕ್ಕದಿಂದ ಬಿಡಿ. ಬಿಚ್ಚಿದ ಕಿಮೋನೊ ಆದರೆ ಮಡಿಕೆಯ ಗೆರೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆಯಿರಿ. ಪಟಪಟ ಎಂದು ಸಣ್ಣ ಸದ್ದು ಬಂದರೆ ಆ ಬಟ್ಟೆ ಉಡುಪಿಗೆ ಆಗದು, ಗೋಡೆಗೆ ತೂಗುಹಾಕಲು ಸರಿ. ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಹೊಸ ಥಾನನ್ನು ಹಾಗೆಯೇ ಟೈಲರಿಗೆ ಕೊಡುವುದು ದೊಡ್ಡ ತಪ್ಪು. ನಮ್ಮ ಮಗ್ಗಗಳಲ್ಲಿ ಹಾಸಿಗೆ ಗಂಜಿ ಹಾಕುವಂತೆ ಅಲ್ಲಿ ಕಡಲಪಾಚಿಯ ಅಂಟು ಹಾಕುತ್ತಾರೆ. ಅದು ಹೋಗದೆ ಬಟ್ಟೆ ತನ್ನ ನಿಜವಾದ ಅಳತೆಗೆ ಬರುವುದಿಲ್ಲ, ಮಳೆಗಾಲದಲ್ಲಿ ಬೂಷ್ಟಿಗೆ ಆ ಅಂಟೇ ಊಟ. ಮೊದಲು 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ, ಅಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ತುಸು ಕಂದು ಬಂದರೆ ಚಿಂತೆ ಇಲ್ಲ. ನೀರೆಲ್ಲ ಮಸಿಯಾದರೆ ಅಲ್ಲಿಗೇ ನಿಲ್ಲಿಸಿ, ಡ್ರೈಕ್ಲೀನಿಗೆ ಕೊಡಿ. ಪರೀಕ್ಷೆಯಲ್ಲಿ ಗೆದ್ದ ಬಟ್ಟೆಯನ್ನು ಸಡಿಲವಾಗಿ ಮಡಿಕೆ ಮಡಿಕೆಯಾಗಿ ಅಗಲ ಟಬ್ಬಿನಲ್ಲಿ ಮುಳುಗಿಸಿ. ಅಂಟು ಬಿಡುವಾಗ ಕೈಗೆ ಲೋಳೆ ಸಿಗುತ್ತದೆ, ಅದು ನಿಲ್ಲುವವರೆಗೆ ಎರಡು ಮೂರು ಸಲ ನೀರು ಬದಲಿಸಿ. ಬಾರ್ ಸೋಪು ಬೇಡ, ಅದರ ಕ್ಷಾರ ರೇಷ್ಮೆಯ ಹೊಳಪು ತಿನ್ನುತ್ತದೆ. ರೇಷ್ಮೆ ಸೀರೆಗೆ ಹಾಕುವ ಅಂಟುವಾಳಕಾಯಿಯ ನೊರೆಯೂ ತುಸು ಹುಳಿಯದ್ದೇ, ಕೆಸರುಬಣ್ಣಕ್ಕೆ ಬೇಡ. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ನೆರಳಿನಲ್ಲಿ ಬಿದಿರಿನ ಗಳಕ್ಕೆ ಹಾಕಿ, ಎರಡೂ ಅಂಚು ಕೈಯಲ್ಲಿ ಎಳೆದು ನೇರ ಮಾಡಿ. ಇನ್ನೂ ಚಂಡಿ ಇರುವಾಗಲೇ ಹಿಂದುಗಡೆಯಿಂದ, ತೆಳು ಹತ್ತಿಬಟ್ಟೆ ಹಾಸಿ, ಉದ್ದಕ್ಕೆ ಇಸ್ತ್ರಿ ಮಾಡಿ. ಬಿಳಿ ಓಶಿಮಾ ಆದರೆ ನೀರಿನ ಬಗ್ಗೆ ಎಚ್ಚರ. ಮುರಕಲ್ಲಿನ ನೆಲದ ಕೆಲವು ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇರುತ್ತದೆ, ಹಳದಿ ಕಲೆ ಕೂತರೆ ಹೋಗದು. ಮಳೆನೀರು ಇಲ್ಲವೇ ಫಿಲ್ಟರ್ ನೀರು ಬಳಸಿ.

ಹೊಲಿಗೆಯ ಲೆಕ್ಕ ಬೇರೆಯೇ ಇದೆ. ಕಿಮೋನೊ ಎಂದರೆ ಎಂಟು ನೇರ ತುಂಡು: ಮೈಗೆ ಎರಡು, ತೋಳಿಗೆ ಎರಡು, ಮುಂಭಾಗದ ಪಟ್ಟಿ ಎರಡು, ಕಾಲರು, ಅದರ ಮೇಲಿನ ಕಾಲರು. ಎಲ್ಲಿಯೂ ಬಿಗಿಯಿಲ್ಲ, ಹೊಲಿಗೆಯ ಮೇಲೆ ಎಳೆತವಿಲ್ಲ. ಬಟ್ಟೆಯನ್ನು ನೇಯ್ದದ್ದೇ ಅಂಥ ಉಡುಪಿಗೆ. ಅದನ್ನು ಮೈಗಂಟುವ ರವಿಕೆ ಮಾಡಿದರೆ ಬೆನ್ನಿನ ಹೊಲಿಗೆಯಲ್ಲಿ ನಯವಾದ ಎಳೆಗಳು ಸರಿದು ಬಾಯಿ ಬಿಡುತ್ತವೆ. ನಮ್ಮ ಸಲಹೆ ಸಡಿಲ ಕುರ್ತಾ. 38 ಸೆಂಟಿಮೀಟರ್ ಅಗಲದ ಥಾನಿನಿಂದ ಎರಡೂ ಬದಿ ಒಂದೂವರೆ ಸೆಂಟಿಮೀಟರ್ ಹೊಲಿಗೆಗೆ ಬಿಟ್ಟರೆ ಪಟ್ಟಿಗೆ 35 ಉಳಿಯುತ್ತದೆ. ಮುಂದೆ ಎರಡು, ಹಿಂದೆ ಎರಡು ಪಟ್ಟಿ ಸೇರಿಸಿದರೆ ಸುತ್ತಳತೆ 140. ಪಟ್ಟಿಯೊಂದಕ್ಕೆ 1.10 ಮೀಟರಿನಂತೆ ನಾಲ್ಕಕ್ಕೆ 4.4, ಮುಕ್ಕಾಲು ತೋಳಿಗೆ 0.9, ಕುತ್ತಿಗೆಪಟ್ಟಿಗೆ ಅರ್ಧ, ಒಟ್ಟು 6 ಮೀಟರಿನ ಒಳಗೆ ಮುಗಿಯುತ್ತದೆ. ಒಂದು ಥಾನಿಗೆ ಎರಡು ಕುರ್ತಾ. ತೋಳಿನ ಸುತ್ತಳತೆ 35ಕ್ಕಿಂತ ಹೆಚ್ಚು ಬೇಕಿದ್ದರೆ ಕಂಕುಳಲ್ಲಿ ಚೌಕದ ತುಂಡು ಕೊಡಿಸಿ. ದುಪಟ್ಟಾಕ್ಕೆ 2.25 ಮೀಟರಿನ ಎರಡು ಪಟ್ಟಿ. ರವಿಕೆಯೇ ಬೇಕೆಂದರೆ ಎರಡೂವರೆ ಮೀಟರ್ ಮತ್ತು ಪೂರ್ತಿ ಒಳಪದರ.

ಸೀರೆ? ಮೂರು ಪಟ್ಟಿ ಜೋಡಿಸಬೇಕು, ಐದೂವರೆ ಮೀಟರಿಗೆ ಹದಿನಾರೂವರೆ ಮೀಟರ್ ಬಟ್ಟೆ. ಒಂದು ಥಾನು ಸಾಲದು. ಉಡುಪಿ ಕೈಮಗ್ಗದ ಹತ್ತಿ ಸೀರೆಗೆ ಓಶಿಮಾದ ಸೆರಗು ಜೋಡಿಸುವ ಆಸೆ ಕೆಲವರಿಗೆ ಬರಬಹುದು. ಎರಡರ ಮೇಲೂ ಪ್ರೀತಿ ಇರುವುದರಿಂದಲೇ ಬೇಡವೆನ್ನುತ್ತೇವೆ. 2016ರಲ್ಲಿ ಭೌಗೋಳಿಕ ಗುರುತು (ಜಿಐ) ಪಡೆದ ನಮ್ಮ ಸೀರೆ ಒಗೆದಷ್ಟೂ ಮೆದುವಾಗುವ ಹತ್ತಿ, ಗಂಜಿ ಕುಡಿಯುತ್ತದೆ, ಕುಗ್ಗುತ್ತದೆ. ರೇಷ್ಮೆ ಅದರ ಜತೆ ಕುಗ್ಗದು. ಮೊದಲ ಒಗೆತಕ್ಕೇ ಜೋಡಣೆ ನೆರಿಗೆಗಟ್ಟುತ್ತದೆ.

ಹಂಪನಕಟ್ಟೆಯ ಟೈಲರ್ ಇರಲಿ, ಉಡುಪಿಯ ಟೈಲರ್ ಇರಲಿ, ಕೊಡುವಾಗ ಈ ಮಾತುಗಳನ್ನು ಬಾಯಿಬಿಟ್ಟು ಹೇಳಿ. ಸೂಜಿ 9 ಅಥವಾ 11 ನಂಬರಿನದು, ಹೊಸದು. ದಪ್ಪ ಸೂಜಿ ಎಳೆಯನ್ನು ಕಡಿಯುತ್ತದೆ, ಬಿಚ್ಚಿದರೂ ತೂತು ಉಳಿಯುತ್ತದೆ. ದಾರ ರೇಷ್ಮೆಯದು ಇಲ್ಲವೇ ತೆಳು ಹತ್ತಿಯದು, ಏಕೆಂದರೆ ಎಳೆತ ಬಿದ್ದಾಗ ಬಟ್ಟೆಗಿಂತ ಗಟ್ಟಿಯಾದ ದಾರ ಬಟ್ಟೆಯನ್ನೇ ಕತ್ತರಿಸುತ್ತದೆ. ಅಂಟಿಸುವ ಬಕ್ರಮ್ ಬೇಡ, ನಮ್ಮ ತೇವಕ್ಕೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಒಳಪದರದ ಹತ್ತಿಯನ್ನು ಒಂದು ರಾತ್ರಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಲಿ. ಮೊದಲೇ ಕುಗ್ಗಿಸದಿದ್ದರೆ ಒಳಗೆ ಅದು ಕುಗ್ಗಿ ಹೊರಗಿನ ರೇಷ್ಮೆ ಜೋಲುತ್ತದೆ.

ಇಟ್ಟುಕೊಳ್ಳುವುದು ಇದಕ್ಕಿಂತ ಕಷ್ಟ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಆಟಿ ತಿಂಗಳ ಕಪಾಟು ಒಂದು ಪರೀಕ್ಷೆ. ಜಪಾನಿನಲ್ಲೂ ಮಳೆಗಾಲದ ಕಾಟ ಇದೆ. ಅಲ್ಲಿ ಕಿಮೋನೊವನ್ನು ಕಾಗದದಲ್ಲಿ ಸುತ್ತಿ ಕಿರಿ ಎಂಬ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ, ಮಳೆ ನಿಂತ ಮೇಲೆ, ಶರತ್ಕಾಲದಲ್ಲಿ, ಮತ್ತೆ ಚಳಿಯಲ್ಲಿ ಹೊರತೆಗೆದು ಗಾಳಿಗೆ ಹಾಕುತ್ತಾರೆ. ನಮಗೆ ಒಣಗಾಳಿ ಸಿಗುವುದು ಡಿಸೆಂಬರಿನಿಂದ ಫೆಬ್ರುವರಿಯವರೆಗೆ. ಬೆಳಗ್ಗೆ 10ರಿಂದ ಮಧ್ಯಾಹ್ನ 3ರ ನಡುವೆ, ನೆರಳಿನಲ್ಲಿ, ಮೂರು ನಾಲ್ಕು ಗಂಟೆ ಸಾಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಗೆ ಹಾಕುತ್ತೇವೆಂದು ತೆಗೆದರೆ ತೇವವನ್ನೇ ತುಂಬಿ ಇಟ್ಟಂತೆ. ಪ್ಲಾಸ್ಟಿಕ್ ಕವರ್ ಬೇಡ, ಒಗೆದ ಹಳೆಯ ಪಂಚೆಯಲ್ಲಿ ಸುತ್ತಿ. ಉಡುಪನ್ನು ಮಡಚುವ ಬದಲು ಸುರುಳಿ ಸುತ್ತಿ, ಮಡಚಲೇಬೇಕಾದರೆ ಪ್ರತಿ ಸಲ ಬೇರೆ ಗೆರೆಯಲ್ಲಿ. ಕರ್ಪೂರ, ನುಸಿಗುಳಿಗೆ ಇವುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಇಡಿ. ಎರಡೂ ಸೇರಿದರೆ ಕರಗಿ ಎಣ್ಣೆಯಾಗಿ ಬಟ್ಟೆಗೆ ಇಳಿಯುತ್ತದೆ. ಲಾವಂಚದ ಬೇರಿನ ಕಟ್ಟು ಇಟ್ಟರೆ ಈ ತೊಂದರೆ ಇಲ್ಲ.

ಓಶಿಮಾ ಬಿಟ್ಟು ಬೇರೆ ಯಾವುದು ತರಿಸಬಹುದು ಎಂದರೆ, ಚಿರಿಮೆನ್ ಮಾತ್ರ ಖಂಡಿತ ಬೇಡ. 1720ರಿಂದ ತಾಂಗೊ ಸೀಮೆಯಲ್ಲಿ ನೇಯುತ್ತಿರುವ ಈ ಸುಕ್ಕುರೇಷ್ಮೆಯ ಚೆಲುವಿಗೆ ಕಾರಣ ಹೊಕ್ಕಿನ ನೂಲಿಗೆ ಕೊಡುವ ವಿಪರೀತ ಹುರಿ, ಮೀಟರಿಗೆ 3000 ಸುತ್ತಿನವರೆಗೂ. ನೀರು ತಾಗಿದರೆ ಆ ಹುರಿ ಉಬ್ಬಿ ಎಳೆಯುತ್ತದೆ, ಒಂದು ಹನಿ ಮಳೆಗೆ ಒಂದು ಗುಂಡು ಕಲೆ. ಕ್ಯೋಟೊ ನಗರದ ನಿಶಿಜಿನ್‌ನ ಜರಿಯಲ್ಲಿ ಕಾಗದಕ್ಕೆ ಲೋಹದ ತಗಡು ಅಂಟಿಸಿ ಎಳೆಯಾಗಿ ಸೀಳಿದ್ದು ಇರುತ್ತದೆ, ಕಡಲ ತೇವಕ್ಕೆ ಅದು ತಡೆಯದು. ಕುರುಮೆ ಕಸುರಿ ಹತ್ತಿಯದು, ನೀಲಿಯದು, ದಿನಬಳಕೆಗೆ ಒಳ್ಳೆಯದು. ಮೊದಲ ಎರಡು ಮೂರು ಒಗೆತ ಬೇರೆಯಾಗಿ ಮಾಡಬೇಕು ಅಷ್ಟೇ.

ಬರೀ ಸೆಕೆಯನ್ನೇ ಲೆಕ್ಕಕ್ಕೆ ಹಿಡಿದರೆ ಓಶಿಮಾವನ್ನೂ ಮೀರಿಸುವುದು ಓಜಿಯಾ ಚಿಜಿಮಿ. ನೀಗಾತಾ ಪ್ರಾಂತ್ಯದ ಈ ಬಟ್ಟೆ ರೇಷ್ಮೆಯಲ್ಲ, ರಾಮಿ ಎಂಬ ಗಿಡದ ನಾರು. 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು ಕೈಯಲ್ಲಿ ನೂಲು ಮಾಡಿ ಹಿಮದ ಮೇಲೆ ಹಾಸಿ ಬಿಳುಪು ಮಾಡುವ ಅಪರೂಪದ ಥಾನು. ಕೈಗೆಟಕುವ ಬೆಲೆಗೆ ಸಿಗುವುದು ಯಂತ್ರದ ನೂಲಿನದು, ಅದೂ ಸಾಕು. ಹೊಕ್ಕಿಗೆ ಬಲವಾದ ಹುರಿ ಕೊಟ್ಟು ನೇಯ್ದು ಬಿಸಿನೀರಿನಲ್ಲಿ ಹಿಸುಕಿದಾಗ ಬರುವ ಸಣ್ಣ ಏರಿಳಿತದಿಂದ ಬಟ್ಟೆ ಮೈಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನಡುವೆ ಗಾಳಿ ಆಡುತ್ತದೆ. ಬೆವರು ಹೀರುತ್ತದೆ, ಬೇಗ ಒಣಗುತ್ತದೆ. ಮನೆಯಲ್ಲೇ ಒಗೆಯಬಹುದು. ಇಸ್ತ್ರಿ ಮಾತ್ರ ಬೇಡ. ಒತ್ತಿದರೆ ಏರಿಳಿತ ಮಲಗಿಬಿಡುತ್ತದೆ, ಚೂಪಾದ ಮಡಿಕೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿದ್ದರೆ ರಾಮಿಯ ನಾರು ಅಲ್ಲೇ ಮುರಿಯುತ್ತದೆ. ಒಣಹಾಕುವಾಗ ಅಗಲಕ್ಕೆ ತುಸು ಎಳೆದು ಅಂಗೈಯಲ್ಲಿ ತಟ್ಟಿ ಬಿಡಿ. ಏರಿಳಿತ ಮಲಗಿದ್ದರೆ ನೀರು ಚಿಮುಕಿಸಿ ಕೈಯಲ್ಲಿ ಹಿಸುಕಿದರೆ ಮತ್ತೆ ಏಳುತ್ತದೆ.